ನೋವು ನಿಂತ ಮೇಲಿನ ಕೆಲಸ: ಸ್ನಾಯು, ಸಪ್ಲಿಮೆಂಟ್ ಮತ್ತು ಕೈರೋಪ್ರಾಕ್ಟಿಕ್

ಮಾತಿಗೆ ಮೊದಲು ಒಂದು ಪರೀಕ್ಷೆ ಮಾಡೋಣ. ನೀವು ಕೂತಿರುವ ಕುರ್ಚಿ ಅಲುಗಾಡದೆ ಗಟ್ಟಿಯಾಗಿದ್ದರೆ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಳ್ಳಿ. ಪೂರ್ತಿ ಎದ್ದು ನಿಲ್ಲಿ, ಪೂರ್ತಿ ಕೂತುಕೊಳ್ಳಿ. ಹೀಗೆ ಐದು ಸಲ, ಆದಷ್ಟು ಬೇಗ. ಪಕ್ಕದವರು ಫೋನಿನಲ್ಲಿ ಸಮಯ ನೋಡಲಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುಗಳ ಕಡೆ ಗಮನ ಕೊಡುವ ಕಾಲ ಬಂದಿದೆ ಎಂದರ್ಥ. ಏಷ್ಯಾದ ಜನರ ಮೈಕಟ್ಟಿಗೆ ಹೊಂದುವಂತೆ ಏಷ್ಯಾದ ತಜ್ಞರದೇ ಕಾರ್ಯತಂಡವೊಂದು 2019ರಲ್ಲಿ ಹಾಕಿಕೊಟ್ಟ ಅಳತೆ ಇದು. ಅದೇ ತಂಡದ ಪ್ರಕಾರ ಕೈಹಿಡಿತದ ಬಲ ಗಂಡಸರಲ್ಲಿ 28 ಕೆಜಿಗಿಂತ, ಹೆಂಗಸರಲ್ಲಿ 18 ಕೆಜಿಗಿಂತ ಕಡಿಮೆ ಇರಬಾರದು. ಮನೆಯಲ್ಲಿ ಟೈಲರ್ ಟೇಪ್ ಇದ್ದರೆ ಮೀನಖಂಡದ ಸುತ್ತಳತೆಯನ್ನೂ ನೋಡಬಹುದು. ಗಂಡಸರಲ್ಲಿ 34 ಸೆಂಟಿಮೀಟರ್, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು. ಮಂಡಿನೋವಿದ್ದವರಿಗೆ ಕುರ್ಚಿಯ ಪರೀಕ್ಷೆ ಹೇಗೂ ನಿಧಾನವಾಗುತ್ತದೆ, ಅಂಥವರು ಆ ಸಂಖ್ಯೆಯೊಂದನ್ನೇ ನೋಡಿ ಗಾಬರಿಯಾಗಬೇಡಿ.

ಐವತ್ತು ದಾಟಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಪೌಡರ್ ಕುಡಿಯಬೇಕು? ಬೆನ್ನಿಗೆ ಕೈರೋಪ್ರಾಕ್ಟಿಕ್, ಅಂದರೆ ಕೈಯಿಂದ ಬೆನ್ನೆಲುಬು ಒತ್ತುವ ಚಿಕಿತ್ಸೆ, ಮಾಡಿಸಬಹುದೇ? ಎರಡಕ್ಕೂ ಉತ್ತರ ಇದೆ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಸ್ನಾಯು ಬೆಳೆಯುವುದು ಅದರ ಮೇಲೆ ಭಾರ ಬಿದ್ದಾಗ ಮಾತ್ರ. ಪೌಡರ್ ಕೊಡುವುದು ಕಟ್ಟುವ ಸಾಮಗ್ರಿಯನ್ನು. ಬೆನ್ನೆಲುಬಿನ ಚಿಕಿತ್ಸೆ ಕೊಡುವುದು ಕೆಲವು ದಿನಗಳ ನೋವಿನ ಬಿಡುವನ್ನು. ಆ ಸಾಮಗ್ರಿ, ಆ ಬಿಡುವು ಎರಡನ್ನೂ ಬಳಸಿಕೊಳ್ಳುವ ವ್ಯಾಯಾಮ ಇಲ್ಲದಿದ್ದರೆ ಎರಡಕ್ಕೂ ಹಾಕಿದ ದುಡ್ಡು ವ್ಯರ್ಥ. ಸುಮ್ಮನೆ ಮಲಗುವುದರ ಬೆಲೆಯನ್ನೂ ತಿಳಿದುಕೊಳ್ಳಿ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಅಳೆದಾಗ ಕಾಲುಗಳ ಸ್ನಾಯುವಿನಲ್ಲೇ ಹೆಚ್ಚುಕಡಿಮೆ ಒಂದು ಕೆಜಿ ಕರಗಿತ್ತು. ಸೊಂಟ ಹಿಡಿದುಕೊಂಡಿದೆ ಎಂದು ವಾರಗಟ್ಟಲೆ ಮಲಗುವವರು ನೋವಿಗಿಂತ ದೊಡ್ಡ ನಷ್ಟವನ್ನು ತಂದುಕೊಳ್ಳುತ್ತಾರೆ.

ತಟ್ಟೆಯ ಲೆಕ್ಕ

ಸಪ್ಲಿಮೆಂಟ್ ಎಂದರೆ ಕೊರತೆ ತುಂಬುವುದು. ಕೊರತೆ ಎಷ್ಟೆಂದು ಗೊತ್ತಿಲ್ಲದೆ ಡಬ್ಬ ಕೊಳ್ಳಬಾರದು. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ ಪ್ರೋಟೀನ್ ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ. ವಯಸ್ಸಾದಂತೆ ಸ್ನಾಯು ಪ್ರೋಟೀನಿಗೆ ಮೊದಲಿನಷ್ಟು ಸ್ಪಂದಿಸುವುದಿಲ್ಲ. ಆದ್ದರಿಂದ ಹಿರಿಯರಿಗೆ ಪ್ರತಿ ಕೆಜಿಗೆ 1.0ರಿಂದ 1.2 ಗ್ರಾಂ ಬೇಕೆಂದು ವೃದ್ಧರ ಪೋಷಣೆಯ ತಜ್ಞರು ಹೇಳುತ್ತಾರೆ. 60 ಕೆಜಿ ತೂಕದವರಿಗೆ 60ರಿಂದ 72 ಗ್ರಾಂ ಆಯಿತು.

ಈಗ ನಮ್ಮ ಊಟ ನೋಡಿ. ಬೆಳಗ್ಗೆ ಒಂದು ತಟ್ಟೆ ಉಪ್ಪಿಟ್ಟು, 5–6 ಗ್ರಾಂ. ಮಧ್ಯಾಹ್ನ 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಿಂದ 7 ಗ್ರಾಂ, ತಲೆಗೆ 30 ಗ್ರಾಂ ಬೇಳೆ ಬಿದ್ದ ಸಾರಿನಿಂದ 6–7, ಒಂದಿಷ್ಟು ಅನ್ನದಿಂದ 4–5, ಮೊಸರಿನಿಂದ 3. ರಾತ್ರಿ ಅನ್ನ-ಸಾರು ಅಥವಾ ಚಪಾತಿ-ಪಲ್ಯದಿಂದ 10–12. ದಿನವಿಡೀ ಕಾಫಿ, ಟೀಗೆ ಹೋದ ಹಾಲಿನಿಂದ 5–6. ಎಲ್ಲ ಸೇರಿ 40ರಿಂದ 45 ಗ್ರಾಂ. ಹಸಿವೇನೂ ಉಳಿದಿರುವುದಿಲ್ಲ, ಆದರೂ 20 ಗ್ರಾಂ ಕಡಿಮೆ ಬಿದ್ದಿದೆ. ಸಾರು ತೆಳುವಾದರೆ ಲೆಕ್ಕ ಇನ್ನೂ ಇಳಿಯುತ್ತದೆ. ಹಬ್ಬದ ತಿಳಿಸಾರಿನಲ್ಲಿ ಒಬ್ಬರ ಪಾಲಿಗೆ 10 ಗ್ರಾಂ ಬೇಳೆಯೂ ಬರುವುದಿಲ್ಲ. ಬಸ್ಸಾರಿನದು ಇನ್ನೂ ಸ್ಪಷ್ಟ ಉದಾಹರಣೆ. ಕಾಳು-ಸೊಪ್ಪು ಬೇಯಿಸಿ ಕಟ್ಟು ಬಸಿದ ಮೇಲೆ, ಮಸಾಲೆಯ ಜೊತೆ ರುಬ್ಬುವ ಒಂದು ಹಿಡಿ ಬಿಟ್ಟರೆ ಕಾಳೆಲ್ಲ ಪಲ್ಯಕ್ಕೆ ಹೋಗುತ್ತದೆ. ಮುದ್ದೆಗೆ ಸಾರನ್ನಷ್ಟೇ ಬಡಿಸಿಕೊಂಡು ಪಲ್ಯ ಬೇಡವೆಂದವರು ಪ್ರೋಟೀನನ್ನು ಬಾಣಲೆಯಲ್ಲೇ ಬಿಟ್ಟಂತೆ.

ಎರಡು ಮೊಟ್ಟೆ 12 ಗ್ರಾಂ, 30 ಗ್ರಾಂ ಒಣ ಸೋಯಾ ಚಂಕ್ಸ್ 15 ಗ್ರಾಂ, 50 ಗ್ರಾಂ ಹುರಳಿ 11 ಗ್ರಾಂ, 100 ಗ್ರಾಂ ಪನೀರ್ ಸುಮಾರು 18, ಒಂದು ಹಿಡಿ ಅಂದರೆ 30 ಗ್ರಾಂ ಕಡಲೆಕಾಯಿ ಬೀಜ 7, 100 ಗ್ರಾಂ ಮೀನು ಅಥವಾ ಕೋಳಿ 18ರಿಂದ 20ರ ಮೇಲೆ. ಇವುಗಳಲ್ಲೇ ಕೊರತೆ ತುಂಬಿದರೆ ಪೌಡರ್ ಬೇಕಿಲ್ಲ. ಇನ್ನೊಂದು ವಿಷಯ, ಒಂದು ಹೊತ್ತಿಗೆ 25–30 ಗ್ರಾಂ ಬಿದ್ದರೆ ಹಿರಿಯರ ಸ್ನಾಯು ಚೆನ್ನಾಗಿ ಸ್ಪಂದಿಸುತ್ತದೆ. ನಮ್ಮ ತಿಂಡಿ ಅದರ ಹತ್ತಿರಕ್ಕೂ ಬರುವುದಿಲ್ಲ. ಸರಿಪಡಿಸುವುದಾದರೆ ಬೆಳಗಿನ ತಿಂಡಿಯಿಂದ ಶುರುಮಾಡಿ. ಮೂತ್ರಪಿಂಡದ ತೊಂದರೆ ಇರುವವರು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಡಬ್ಬದ ಮೇಲಿನ ಅಕ್ಷರ

ಅಡುಗೆಯಿಂದ ಆಗದವರಿಗೆ, ಹಲ್ಲಿಲ್ಲದವರಿಗೆ, ಆಪರೇಷನ್ ಆಗಿ ಊಟ ಸೇರದವರಿಗೆ ವೇ ಪ್ರೋಟೀನ್ ಒಳ್ಳೆಯದೇ. ಹಾಲೊಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್ ಅದು. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಹೆಚ್ಚು. 24 ಗ್ರಾಂ ವೇ ಪ್ರೋಟೀನಿನಲ್ಲಿ ಸುಮಾರು 2.5 ಗ್ರಾಂ ಲ್ಯೂಸಿನ್ ಸಿಗುತ್ತದೆ.

ಡಬ್ಬ ಕೈಗೆ ಬಂದಾಗ ಮುಂದಿನ ಚಿತ್ರ ನೋಡಬೇಡಿ, ಹಿಂದಕ್ಕೆ ತಿರುಗಿಸಿ. ಒಂದು ಸ್ಕೂಪ್ ಎಷ್ಟು ಗ್ರಾಂ, ಅದರಲ್ಲಿ ಪ್ರೋಟೀನ್ ಎಷ್ಟು ಗ್ರಾಂ? 30 ಗ್ರಾಂ ಸ್ಕೂಪಿನಲ್ಲಿ 24 ಇದ್ದರೆ ಶೇಕಡಾ 80, ಚೆನ್ನಾಗಿದೆ. ‘ಮಾಸ್ ಗೇನರ್’ ಎಂದಿದ್ದರೆ ಹೆಚ್ಚಿನ ಪಾಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ, ಸಕ್ಕರೆ ಕಾಯಿಲೆಯವರು ಮುಟ್ಟಲೇಬಾರದು. ಆಮೇಲೆ ಪದಾರ್ಥಗಳ ಪಟ್ಟಿ. ಅಲ್ಲಿ ಗ್ಲೈಸಿನ್, ಟಾರಿನ್ ಅಂತ ಬೇರೆಯಾಗಿ ಬರೆದಿದ್ದರೆ ಅನುಮಾನಪಡಿ. ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಅದರಲ್ಲಿನ ಸಾರಜನಕವನ್ನು ಅಳೆದು ಗುಣಿಸುತ್ತದೆ. ಅಗ್ಗದ ಅಮೈನೋ ಆಮ್ಲ ಬೆರೆಸಿದರೂ ಸಾರಜನಕ ಏರುತ್ತದೆ, ಲೆಕ್ಕದಲ್ಲಿ ಪ್ರೋಟೀನ್ ಹೆಚ್ಚು ಕಾಣುತ್ತದೆ, ಸ್ನಾಯುವಿಗೆ ಮಾತ್ರ ಏನೂ ಸಿಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಲೇಬೇಕು. ಆದರೆ ಅದು ತಯಾರಕರಿಗೆ ಪರವಾನಗಿ ಇದೆ ಎಂದಷ್ಟೇ ಹೇಳುತ್ತದೆ, ಆ ಡಬ್ಬವನ್ನು ಪರೀಕ್ಷೆ ಮಾಡಿದ್ದಾರೆ ಎಂದಲ್ಲ. ಸ್ಪರ್ಧೆಗಳಲ್ಲಿ ಆಡುವವರು ಬ್ಯಾಚ್ ಬ್ಯಾಚಿಗೂ ಹೊರಗಿನ ಪ್ರಯೋಗಾಲಯದ ಪರೀಕ್ಷೆ ಇರುವ ಉತ್ಪನ್ನವನ್ನಷ್ಟೇ ತೆಗೆದುಕೊಳ್ಳಬೇಕು. ಕಲಬೆರಕೆಯಿಂದ ಮೂತ್ರದಲ್ಲಿ ನಿಷೇಧಿತ ಔಷಧ ಸಿಕ್ಕಿದರೂ ಶಿಕ್ಷೆ ಆಗುವುದು ಆಟಗಾರರಿಗೇ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ವೇ ಕಾನ್ಸಂಟ್ರೇಟ್ ಆಗಿಬರದಿರಬಹುದು, ಐಸೊಲೇಟ್‌ನಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ತೀರಾ ಕಡಿಮೆ.

ವೇ ಬಿಟ್ಟರೆ ಗಟ್ಟಿ ಆಧಾರವಿರುವುದು ಕ್ರಿಯಾಟಿನ್ ಮಾನೊಹೈಡ್ರೇಟ್‌ಗೆ. ಸ್ನಾಯು ಥಟ್ಟನೆ ಬಲ ಹಾಕಬೇಕಾದಾಗ ಬಳಸುವ ಶಕ್ತಿಯ ದಾಸ್ತಾನನ್ನು ಅದು ಹೆಚ್ಚಿಸುತ್ತದೆ. ಆಹಾರದಲ್ಲಿ ಕ್ರಿಯಾಟಿನ್ ಸಿಗುವುದು ಮುಖ್ಯವಾಗಿ ಮಾಂಸ, ಮೀನಿನಿಂದ. ಹಾಗಾಗಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ದಾಸ್ತಾನು ಕಡಿಮೆ, ತೆಗೆದುಕೊಂಡರೆ ಏರಿಕೆ ಹೆಚ್ಚು. ದಿನಕ್ಕೆ 3ರಿಂದ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಯಾವ ಹೊತ್ತಿನಲ್ಲಾದರೂ ಸರಿ. ಮೊದಲ ವಾರ 20 ಗ್ರಾಂ ತೆಗೆದುಕೊಳ್ಳುವ ಪದ್ಧತಿಯಿದೆ, ಹಿರಿಯರಿಗೆ ಅದರ ಅಗತ್ಯವಿಲ್ಲ. 3 ಗ್ರಾಂನಲ್ಲೇ ಸುಮಾರು ನಾಲ್ಕು ವಾರಕ್ಕೆ ದಾಸ್ತಾನು ತುಂಬುತ್ತದೆ. ನೀರಿಗೆ ಹಾಕಿದ ಮೇಲೆ ಆಗಲೇ ಕುಡಿಯಬೇಕು, ಬಾಟಲಿಯಲ್ಲಿ ದಿನಗಟ್ಟಲೆ ಇಟ್ಟರೆ ಅದು ಕ್ರಿಯಾಟಿನಿನ್ ಎಂಬ ಉಪಯೋಗವಿಲ್ಲದ ಬೇರೆ ವಸ್ತುವಾಗಿ ಕೆಡುತ್ತದೆ. ತೂಕ ಒಂದು ಕೆಜಿಯಷ್ಟು ಏರಬಹುದು, ಅದು ಸ್ನಾಯುವಿನೊಳಗೆ ಸೇರಿದ ನೀರು.

ಇಲ್ಲಿ ಆಗುವ ಎಡವಟ್ಟು ಒಂದೇ, ಆದರೆ ಬಹಳ ಮನೆಗಳಲ್ಲಿ ಆಗುತ್ತದೆ. ಕ್ರಿಯಾಟಿನ್ ತೆಗೆದುಕೊಳ್ಳುವವರ ರಕ್ತದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚು ಬರುತ್ತದೆ. ಲ್ಯಾಬ್ ಅದೇ ಸಂಖ್ಯೆಯಿಂದ ಮೂತ್ರಪಿಂಡದ ಸಾಮರ್ಥ್ಯ ಲೆಕ್ಕ ಹಾಕುವುದರಿಂದ ರಿಪೋರ್ಟ್ ನೋಡಿದ ಮನೆಯವರು ಕಿಡ್ನಿ ಹೋಯಿತೆಂದು ಹೆದರುತ್ತಾರೆ. ರಕ್ತ ಕೊಡುವ ಮೊದಲೇ ವೈದ್ಯರಿಗೆ ಹೇಳಿ. ಸಿಸ್ಟಾಟಿನ್-ಸಿ ಎಂಬ ಬೇರೆ ಪರೀಕ್ಷೆಯಿಂದ ನಿಜ ತಿಳಿಯುತ್ತದೆ. ಮೊದಲೇ ಕಿಡ್ನಿ ಕಾಯಿಲೆ ಇರುವವರು ಮಾತ್ರ ಇದರ ಸಹವಾಸಕ್ಕೆ ಹೋಗಬಾರದು.

ಡಿ ವಿಟಮಿನ್ ಬಗ್ಗೆ ಎಚ್ಚರಿಕೆಯೇ ಹೆಚ್ಚು ಬೇಕು. ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದವರಿಗೆ ಅದು ಔಷಧ. ಸಾಕಷ್ಟು ಇರುವವರಿಗೆ ಇನ್ನಷ್ಟು ಕೊಟ್ಟರೆ ಸ್ನಾಯುಬಲ ಏರುವುದಿಲ್ಲ. ನಮ್ಮಲ್ಲಿ ಬರೆದುಕೊಡುವುದು 60,000 ಯೂನಿಟ್‌ನ ಸ್ಯಾಚೆ ಅಥವಾ ಗುಳಿಗೆ, ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ. ಚೀಟಿ ಸರಿಯಾಗಿ ಓದದೆ ಅದನ್ನು ದಿನಕ್ಕೊಂದರಂತೆ ನುಂಗಿದವರು, ಎಂಟು ವಾರ ಮುಗಿದರೂ ತಿಂಗಳುಗಟ್ಟಲೆ ಮುಂದುವರಿಸಿದವರು ಆಸ್ಪತ್ರೆ ಸೇರುತ್ತಾರೆ. ಈ ವಿಟಮಿನ್ ಕೊಬ್ಬಿನಲ್ಲಿ ಕೂಡಿಡುವಂಥದು, ಹೆಚ್ಚಾದರೆ ಮೂತ್ರದಲ್ಲಿ ಹೊರಟುಹೋಗುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಂಕು, ಕೊನೆಗೆ ಕಿಡ್ನಿಗೆ ಏಟು. ಕ್ಯಾಲೆಂಡರಿನಲ್ಲಿ ವಾರದ ಒಂದು ದಿನ ಗೊತ್ತುಮಾಡಿ ಗುರುತು ಹಾಕಿಕೊಳ್ಳಿ, ಎಂಟನೆಯ ಗುರುತಿಗೆ ನಿಲ್ಲಿಸಿ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇವೆ. ಊಟದಲ್ಲಿ ಪ್ರೋಟೀನ್ ಸಾಕಷ್ಟಿದ್ದರೆ ಬಿಸಿಎಎ ಎಂಬ, ಬರೀ ಮೂರು ಅಮೈನೋ ಆಮ್ಲಗಳ ಪೌಡರ್ ದಂಡ. ಅಶ್ವಗಂಧದ ಬೇರಿನ ಸಾರದಿಂದ ವ್ಯಾಯಾಮ ಮಾಡುವವರಲ್ಲಿ ಬಲ ಹೆಚ್ಚಿದ ಸಣ್ಣ ಅಧ್ಯಯನಗಳಿವೆ. ಹಾಗೆಯೇ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಥೈರಾಯ್ಡ್ ಔಷಧ ನುಂಗುವವರು, ಗರ್ಭಿಣಿಯರು ದೂರವಿರಲಿ. ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಬಿ12 ಪರೀಕ್ಷಿಸಿಕೊಳ್ಳಬೇಕು. ಅದರ ಕೊರತೆಯಲ್ಲಿ ಕೆಡುವುದು ನರ, ಆದರೆ ಜನ ಅದನ್ನು ‘ಕಾಲಲ್ಲಿ ಶಕ್ತಿ ಇಲ್ಲ’ ಎಂದೇ ಹೇಳುತ್ತಾರೆ.

ಬೆನ್ನಿನ ಮೇಲೆ ಕೈ

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ, 1895ರಲ್ಲಿ. ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಹಾರ್ವಿ ಲಿಲ್ಲಾರ್ಡ್ ಎಂಬ ಕಿವಿ ಮಂದವಾಗಿದ್ದವರ ಬೆನ್ನನ್ನು ಒತ್ತಿ ಕೇಳುವಂತೆ ಮಾಡಿದೆ ಎಂದು ಹೇಳಿಕೊಂಡ. ಬೆನ್ನೆಲುಬಿನ ಮಣಿಗಳು ಜರುಗಿ ನರ ಒತ್ತುವುದೇ ಬಹುತೇಕ ರೋಗಗಳ ಮೂಲ ಎಂಬುದು ಅವನ ಸಿದ್ಧಾಂತ. ಆ ಸಿದ್ಧಾಂತಕ್ಕೆ ಆಧಾರ ಸಿಕ್ಕಿಲ್ಲ. ಇವತ್ತಿಗೂ ಬೆನ್ನು ಒತ್ತಿ ಬಿ.ಪಿ., ಸಕ್ಕರೆ, ಅಸ್ತಮಾ ಗುಣಮಾಡುತ್ತೇವೆ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಆದರೆ ಸಿದ್ಧಾಂತ ಬಿದ್ದರೂ ಕೈಚಳಕ ಉಳಿದಿದೆ, ಅದಕ್ಕೆ ಅದರದೇ ಜಾಗವಿದೆ. ಹಳೆಯ ಸೊಂಟನೋವಿನಲ್ಲಿ ಬೆನ್ನೆಲುಬಿನ ಈ ಚಿಕಿತ್ಸೆ ವ್ಯಾಯಾಮದಂಥ ಇತರ ಶಿಫಾರಸಾದ ಚಿಕಿತ್ಸೆಗಳಷ್ಟೇ ಫಲ ಕೊಡುತ್ತದೆ ಎಂದು 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ಪರಿಶೀಲನೆ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಇದನ್ನು ಷರತ್ತಿನೊಂದಿಗೆ ಸೇರಿಸಿದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ 2016ರಲ್ಲೇ ಇನ್ನೂ ಕಟ್ಟುನಿಟ್ಟಾಗಿ ಹೇಳಿತ್ತು: ವ್ಯಾಯಾಮದ ಜೊತೆಗಾದರೆ ಸರಿ, ಇದೊಂದನ್ನೇ ಕೊಡಬೇಡಿ.

‘ಲಟಕ್’ ಸದ್ದಿನ ಬಗ್ಗೆ ತಿಳಿಸಬೇಕು, ಏಕೆಂದರೆ ದುಡ್ಡು ಕೊಟ್ಟವರು ಕಾಯುವುದೇ ಅದಕ್ಕೆ. ಬೆನ್ನೆಲುಬಿನ ಹಿಂಬದಿಯ ಪುಟ್ಟ ಕೀಲುಗಳಲ್ಲಿ ದ್ರವವಿದೆ. ಚಿಕ್ಕ ದೂರಕ್ಕೆ, ಬಹಳ ವೇಗವಾಗಿ ಒತ್ತಿದಾಗ ಕೀಲಿನ ಎರಡು ಮೈಗಳು ಥಟ್ಟನೆ ಬೇರ್ಪಟ್ಟು ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುತ್ತದೆ. ಬೆರಳಿನ ನಟಿಕೆ ಮುರಿಯುವಾಗ ಆಗುವುದೂ ಇದೇ. 2015ರಲ್ಲಿ ಕೆನಡಾದ ವಿಜ್ಞಾನಿಗಳು ಎಂಆರ್‌ಐನಲ್ಲಿ ಬೆರಳೆಳೆದು ಇದನ್ನು ಕಣ್ಣಾರೆ ತೋರಿಸಿದರು. ಮೂಳೆ ಜಾಗಕ್ಕೆ ಕೂತ ಸದ್ದಲ್ಲ ಅದು. ಸದ್ದು ಬರದಿದ್ದರೆ ಚಿಕಿತ್ಸೆ ಕೆಟ್ಟಿತೆಂದೂ ಅಲ್ಲ. ನೋವು ಇಳಿಯುವುದು ನರಮಂಡಲದ ಪ್ರತಿಕ್ರಿಯೆಯಿಂದ: ಬಿಗಿದುಕೊಂಡ ಸ್ನಾಯು ತುಸು ಸಡಿಲವಾಗುತ್ತದೆ, ಬಗ್ಗಲು ಧೈರ್ಯ ಬರುತ್ತದೆ. ಈ ಸಡಿಲಿಕೆ ಶಾಶ್ವತವಲ್ಲ.

ಈಗ ಈ ಉಪನ್ಯಾಸದ ಮುಖ್ಯ ವಿಷಯಕ್ಕೆ ಬರುತ್ತೇವೆ. ಬೆನ್ನೆಲುಬಿಗೆ ಅಂಟಿಕೊಂಡು ಮಣಿಯಿಂದ ಮಣಿಗೆ ಹಬ್ಬಿದ ಮಲ್ಟಿಫಿಡಸ್ ಎಂಬ ಸ್ನಾಯುವಿದೆ. ಸೊಂಟ ನೋಯುವ ಕಡೆ ಅದು ಬೇಗ ಸೊರಗುತ್ತದೆ. ಆಸ್ಟ್ರೇಲಿಯಾದ ಜೂಲಿ ಹೈಡ್ಸ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ ಸಂಗತಿ ಇದು: ನೋವು ಪೂರ್ತಿ ಹೋದ ಮೇಲೂ ಈ ಸ್ನಾಯು ತಾನಾಗಿ ಮೊದಲಿನ ಗಾತ್ರಕ್ಕೆ ಬರಲಿಲ್ಲ, ಅದಕ್ಕೆಂದೇ ವ್ಯಾಯಾಮ ಮಾಡಿದವರಲ್ಲಿ ಬಂತು. ಒಂದು ವರ್ಷದಲ್ಲಿ ನೋವು ಮರುಕಳಿಸಿದ್ದು ವ್ಯಾಯಾಮದ ಗುಂಪಿನಲ್ಲಿ ಶೇಕಡಾ 30, ಇನ್ನೊಂದು ಗುಂಪಿನಲ್ಲಿ ಶೇಕಡಾ 84. ಒಟ್ಟು 39 ಜನರ ಸಣ್ಣ ಅಧ್ಯಯನ, ಅದನ್ನು ಮರೆಯಬಾರದು. ಆದರೂ ‘ಒತ್ತಿಸಿಕೊಂಡೆ, ಹೋಯಿತು, ಮೂರು ತಿಂಗಳಿಗೆ ಮತ್ತೆ ಬಂತು’ ಎಂಬ ದೂರಿಗೆ ಇದಕ್ಕಿಂತ ಒಪ್ಪುವ ವಿವರಣೆ ನಮಗೆ ಸಿಕ್ಕಿಲ್ಲ.

ಆ ಬಿಡುವಿನಲ್ಲಿ ಮಾಡಬೇಕಾದ್ದು

ಬೆನ್ನು ಒತ್ತಿಸಿಕೊಂಡ ದಿನ ನಡೆದಾಟ ಸಾಕು. ಒಂದೆರಡು ದಿನ ಮೈಕೈ ನೋವು ಸಹಜ, ಅದು ಇಳಿಯುತ್ತಿದ್ದಂತೆ ಶುರುಮಾಡಿ.

ಮೊದಲನೆಯದು ಮಲ್ಟಿಫಿಡಸ್‌ಗೆ. ಚಾಪೆಯ ಮೇಲೆ ಅಂಗೈ, ಮಂಡಿ ಊರಿ. ಅಂಗೈ ಭುಜದ ಕೆಳಗೆ, ಮಂಡಿ ಸೊಂಟದ ಕೆಳಗೆ ಇರಲಿ. ಬಲಗೈಯನ್ನು ಮುಂದಕ್ಕೆ, ಎಡಗಾಲನ್ನು ಹಿಂದಕ್ಕೆ ಚಾಚಿ 8 ಸೆಕೆಂಡು ಹಿಡಿಯಿರಿ, ಉಸಿರಾಡುತ್ತಿರಿ. ಒಂದೊಂದು ಕಡೆಗೆ 6 ಸಲ, ತುಸು ವಿರಾಮ, ಆಮೇಲೆ 4, ಆಮೇಲೆ 2. ಕೆಡುವುದು ಎಲ್ಲಿ ಎಂದರೆ ಕಾಲನ್ನು ಸೊಂಟಕ್ಕಿಂತ ಮೇಲೆತ್ತುವಲ್ಲಿ. ಆಗ ಸೊಂಟ ಕೆಳಕ್ಕೆ ಜೋತುಬಿದ್ದು ಕೀಲುಗಳು ಹಿಸುಕಿಕೊಳ್ಳುತ್ತವೆ. ಹಿಮ್ಮಡಿಯನ್ನು ಹಿಂದಿನ ಗೋಡೆಯತ್ತ ತಳ್ಳುವಂತೆ ಚಾಚಿದರೆ ಸರಿಹೋಗುತ್ತದೆ. ಬೆನ್ನ ಮೇಲೆ ಪ್ಲಾಸ್ಟಿಕ್ ಲೋಟ ಇಟ್ಟು ನೋಡಿ, ಬಿದ್ದರೆ ಸೊಂಟ ತಿರುಗುತ್ತಿದೆ. ಮಂಡಿ ಊರಲಾಗದವರು ಗಟ್ಟಿ ಮೇಜಿಗೆ ಕೈಯೂರಿ ನಿಂತೇ ಮಾಡಲಿ.

ಎರಡನೆಯದು ಆಗ ಮಾಡಿದಂತೆ ಕುರ್ಚಿಯಿಂದ ಎದ್ದು ಕೂರುವುದು, ಈ ಸಲ ನಿಧಾನವಾಗಿ. ಏಳಲು ಎರಡು ಎಣಿಕೆ, ಕೂರಲು ನಾಲ್ಕು ಎಣಿಕೆ. 8ರಿಂದ 12 ಸಲ, ಮೂರು ಸುತ್ತು, ನಡುವೆ ಎರಡು ನಿಮಿಷ ವಿರಾಮ, ವಾರಕ್ಕೆ ಮೂರು ದಿನ. ಕೊನೆಯ ಎರಡು ಸಲ ಕಷ್ಟವಾಗಲೇಬೇಕು. 12 ಸಲ ಸಲೀಸಾದರೆ 2 ಲೀಟರ್ ನೀರಿನ ಬಾಟಲಿಯನ್ನು ಎದೆಗವಚಿಕೊಳ್ಳಿ, ಆಮೇಲೆ 5 ಕೆಜಿ ಅಕ್ಕಿಯ ಚೀಲ. ಭಾರ ಹೆಚ್ಚಿಸದೆ ಆರು ತಿಂಗಳು ಅದನ್ನೇ ಮಾಡುವವರಲ್ಲಿ ಸ್ನಾಯುವಿನ ಬೆಳವಣಿಗೆ ಬೇಗನೆ ನಿಂತುಬಿಡುತ್ತದೆ. ಜೊತೆಗೆ ಗೋಡೆಗೆ ಕೈಯೂರಿ ತಳ್ಳುವುದು, ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಎತ್ತುವುದು, ರಬ್ಬರ್ ಬ್ಯಾಂಡ್ ಎಳೆಯುವುದು ಸೇರಿಸಿದರೆ ಅರ್ಧ ಗಂಟೆಯಲ್ಲಿ ಇಡೀ ಮೈಗೆ ಕೆಲಸ.

ಯಾರು ಮಾಡಿಸಬಾರದು, ಯಾರ ಕೈಗೆ ಕೊಡಬಾರದು

ಮೂಳೆ ಟೊಳ್ಳಾಗುವ ಕಾಯಿಲೆ (ಆಸ್ಟಿಯೊಪೊರೋಸಿಸ್), ವರ್ಷಗಟ್ಟಲೆ ಸ್ಟಿರಾಯ್ಡ್ ಸೇವನೆ, ರಕ್ತ ತೆಳುಗೊಳಿಸುವ ಮಾತ್ರೆ, ಕ್ಯಾನ್ಸರ್, ಕುತ್ತಿಗೆಗೆ ಹಬ್ಬಿದ ಸಂಧಿವಾತ ಇದ್ದವರಿಗೆ ಈ ರಭಸದ ಒತ್ತು ಬೇಡ. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದಿದೆ, ಬೆನ್ನೆಲುಬಿನ ಕ್ಷಯ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ಬೆನ್ನುನೋವು ಇದ್ದರೆ ಮೊದಲು ವೈದ್ಯರಿಂದ ತಪಾಸಣೆ. ಕ್ಷಯದಿಂದ ಜಜ್ಜಿಹೋಗುತ್ತಿರುವ ಮಣಿಯನ್ನು ಒತ್ತಿದರೆ ಕಾಲಿನ ಸ್ವಾಧೀನವೇ ತಪ್ಪಬಹುದು. ತೊಡೆಯ ಸಂದಿ, ಗುದದ ಸುತ್ತ ಮರಗಟ್ಟಿ ಮೂತ್ರ ಕಟ್ಟಿದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಕುತ್ತಿಗೆಯದು ಬೇರೆಯೇ ಪ್ರಕರಣ. ಮಿದುಳಿಗೆ ರಕ್ತ ಒಯ್ಯುವ ಧಮನಿಗಳಲ್ಲಿ ಎರಡು ಕುತ್ತಿಗೆಯ ಮಣಿಗಳ ರಂಧ್ರಗಳಲ್ಲಿ ಹಾದುಹೋಗುತ್ತವೆ. ರಭಸದಿಂದ ತಿರುವಿದಾಗ ಧಮನಿಯ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳಿವೆ. ಅಪರೂಪ, ಆದರೆ ಆದಾಗ ಸರಿಪಡಿಸಲಾಗದ್ದು. ಕ್ಷೌರದಂಗಡಿಯಲ್ಲಿ ತಲೆಗೆ ಮಸಾಜ್ ಮಾಡಿ ಕೊನೆಗೆ ಕುತ್ತಿಗೆ ಲಟಕ್ಕೆನ್ನಿಸುವುದನ್ನು ದಯವಿಟ್ಟು ಬೇಡವೆನ್ನಿ. ಹಿಂದೆಂದೂ ಕಾಣದ ಕುತ್ತಿಗೆನೋವು-ತಲೆನೋವು ಹೊಸದಾಗಿ ಬಂದಿದ್ದರೆ ಯಾರಿಂದಲೂ ತಿರುವಿಸಿಕೊಳ್ಳಬೇಡಿ, ಆ ನೋವೇ ಧಮನಿ ಸೀಳಿದ ಮೊದಲ ಲಕ್ಷಣವಿರಬಹುದು.

ಬ್ರಿಟನ್ನಿನಲ್ಲಿ 1994ರ ಕಾಯ್ದೆಯಂತೆ ನೋಂದಣಿ ಇಲ್ಲದೆ ಕೈರೋಪ್ರಾಕ್ಟರ್ ಎಂದು ಹೇಳಿಕೊಳ್ಳುವಂತಿಲ್ಲ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಬೇಕು. ನಮ್ಮಲ್ಲಿ ಅವರಿಗೆಂದೇ ಪ್ರತ್ಯೇಕ ಪರಿಷತ್ತಿಲ್ಲ, ಹಾಗಾಗಿ ಕೇಳಿ ತಿಳಿಯುವ ಹೊಣೆ ನಿಮ್ಮದು. ಎಲ್ಲಿ, ಎಷ್ಟು ವರ್ಷ ಕಲಿತಿರಿ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯವರು ಮುಟ್ಟುವ ಮೊದಲು ಔಷಧಗಳ ಪಟ್ಟಿ ಕೇಳುತ್ತಾರೆ, ಕಾಲೆತ್ತಿ ನೋಡುತ್ತಾರೆ, ಬಲ ಮತ್ತು ಸ್ಪರ್ಶ ಪರೀಕ್ಷಿಸುತ್ತಾರೆ, ಅಪಾಯ ಹೇಳಿ ಒಪ್ಪಿಗೆ ಪಡೆಯುತ್ತಾರೆ, ಮನೆಗೆ ವ್ಯಾಯಾಮ ಕೊಟ್ಟು ಕಳಿಸುತ್ತಾರೆ. ಮೊದಲ ದಿನವೇ 24 ಸಿಟ್ಟಿಂಗ್‌ನ ಪ್ಯಾಕೇಜ್ ಮುಂದಿಟ್ಟರೆ ಒಪ್ಪಬೇಡಿ. ಮೂರು-ನಾಲ್ಕು ವಾರದಲ್ಲಿ ಐದಾರು ಸಲ ಮಾಡಿಸಿಯೂ ಫಲ ಕಾಣದಿದ್ದರೆ ಏಳನೆಯದರಿಂದಲೂ ಕಾಣುವುದು ಅನುಮಾನ.

ಸಭಿಕರ ಎರಡು ಪ್ರಶ್ನೆ

ರಾತ್ರಿ ಮೀನಖಂಡ ಸೆಳೆಯುತ್ತದೆ, ಮೆಗ್ನೀಸಿಯಂ ತೆಗೆದುಕೊಳ್ಳಬಹುದೇ? ಹಿರಿಯರ ರಾತ್ರಿ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಫಲವಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಪರಿಶೀಲನೆ 2020ರಲ್ಲಿ ಹೇಳಿದೆ. ಆಕ್ಸೈಡ್ ರೂಪದ ಮಾತ್ರೆಯಿಂದ ಭೇದಿ ಆಗುವುದು ಹೆಚ್ಚು. ಮಲಗುವ ಮೊದಲು ಗೋಡೆಗೆ ಕೈಯೂರಿ, ಒಂದು ಕಾಲು ಹಿಂದಿಟ್ಟು ಹಿಮ್ಮಡಿ ನೆಲಕ್ಕೊತ್ತಿ, ಮೀನಖಂಡ ಎಳೆಯುವಂತೆ ಮುಂದಕ್ಕೆ ಬಾಗಿ. 30 ಸೆಕೆಂಡಿನಂತೆ ಮೂರು ಸಲ, ಎರಡೂ ಕಾಲಿಗೆ. ಸೆಳೆತ ಬಂದೇಬಿಟ್ಟರೆ ಪಾದದ ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹಿಡಿಯಿರಿ.

ಕೊಲೆಸ್ಟರಾಲ್ ಗುಳಿಗೆ ಶುರುಮಾಡಿದ ಮೇಲೆ ತೊಡೆ ನೋಯುತ್ತಿದೆ, ಬೆನ್ನು ಒತ್ತಿಸಲೇ, ಪ್ರೋಟೀನ್ ಕುಡಿಯಲೇ? ಎರಡೂ ಅಲ್ಲ. ಸ್ಟ್ಯಾಟಿನ್ ಗುಂಪಿನ ಗುಳಿಗೆಗಳಿಂದ ಕೆಲವರಿಗೆ ಎರಡೂ ತೊಡೆ, ಎರಡೂ ತೋಳು ಸಮನಾಗಿ ನೋಯುವುದುಂಟು. ಥೈರಾಯ್ಡ್ ಕಡಿಮೆಯಾದಾಗಲೂ ಹಾಗೆಯೇ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ, ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಮತ್ತು ಥೈರಾಯ್ಡಿನ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ. ಅವರು ಪ್ರಮಾಣ ಇಳಿಸಬಹುದು, ಬೇರೆ ಗುಳಿಗೆಗೆ ಬದಲಿಸಬಹುದು. ನೋವಿನ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮಾತ್ರ ರಿಪೋರ್ಟಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನ ಅಂಶ ಕಿಡ್ನಿಯನ್ನು ಕಟ್ಟುವ ಮೊದಲು ರಕ್ತನಾಳಕ್ಕೆ ಸಲೈನ್ ಹೋಗಬೇಕಾಗುತ್ತದೆ.